ಪುಷ್ಪಕದ ಎಂಜಿನ್‌ಗೆ ನೆಂಟರಿದ್ದಾರೆ

ಪುಷ್ಪಕ ಎಂದೊಡನೆ ರಾವಣನ ವಿಮಾನ ನೆನಪಾಗುತ್ತದೆ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ ಅದಕ್ಕಿಂತ ಬಹಳ ಸಾಧು: ಇಬ್ಬರು ಅಕ್ಕಪಕ್ಕ ಕೂರಬಹುದಾದ, ಬಟ್ಟೆ ಹೊದಿಸಿದ ಪುಟ್ಟ ವಿಮಾನ. 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಇದರಲ್ಲೇ ಹಾರಲು ಕಲಿತರು. ಮೂತಿಯಲ್ಲಿದ್ದದ್ದು ಅಮೆರಿಕದ ಕಾಂಟಿನೆಂಟಲ್ ಸಿ90, 90 ಅಶ್ವಶಕ್ತಿಯ ಎಂಜಿನ್. ಅದನ್ನು ಈಗ ಬಿಚ್ಚಿ ಹರಡಿದರೆ, ಸವೆದದ್ದಕ್ಕೆ ಬದಲಿ ಎಲ್ಲಿಂದ ತರುವುದು?

ತಯಾರಕರ ಲೆಕ್ಕದಲ್ಲಿ 1800 ಗಂಟೆ ಓಡಿದ ಮೇಲೆ, ಅಷ್ಟು ಓಡದಿದ್ದರೂ 12 ವರ್ಷಕ್ಕೊಮ್ಮೆ, ಈ ಎಂಜಿನ್‌ಗೆ ಓವರ್‌ಹಾಲ್ ಆಗಬೇಕು. ಆಗ ಎಲ್ಲರ ಕಣ್ಣೂ ಪ್ರೊಪೆಲರ್ ತಿರುಗಿಸುವ ದಂಡ ಕ್ರ್ಯಾಂಕ್‌ಶಾಫ್ಟ್ ಮೇಲೆ. ಅದನ್ನು ಕಾಂತಗೊಳಿಸಿ, ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ದ್ರವ ಸುರಿದು, ನೇರಳಾತೀತ ದೀಪದಡಿ ನೋಡುತ್ತಾರೆ. ಬಿರುಕಿದ್ದರೆ ಪುಡಿ ಅಲ್ಲಿ ಗುಂಪುಗೂಡಿ ಗೆರೆಯಾಗಿ ಬೆಳಗುತ್ತದೆ. ಅಂಥ ಗೆರೆ ಕಂಡ ಕ್ರ್ಯಾಂಕ್‌ಶಾಫ್ಟ್ ಗುಜರಿಗೆ. ಬೆಸುಗೆಯ ಮಾತೇ ಇಲ್ಲ. ಬರೀ ಸವೆದಿದ್ದರೆ ಕಾಲು ಮಿಲಿಮೀಟರ್‌ನಷ್ಟು ಅರೆದು, ನೈಟ್ರೈಡಿಂಗ್‌ನಿಂದ ಮೇಲ್ಮೈಯನ್ನು ಮತ್ತೆ ಗಟ್ಟಿಮಾಡಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕಬಹುದು. ಈ ಉಪಾಯವನ್ನು ಎಷ್ಟು ಸಲ ಬೇಕಾದರೂ ಮಾಡುವಂತಿಲ್ಲ. ಮಿತಿ ದಾಟಿತೆಂದರೆ ಹುಡುಕಾಟ ಶುರು.

ಇಲ್ಲಿ ಸಿ90 ಪುಣ್ಯವಂತ. ಅದರ ಒಡಹುಟ್ಟಿದ ಒ-200 ಎಂಜಿನ್ ಸೆಸ್ನಾ 150ರಲ್ಲಿ ಕೂತು ಲೋಕವೆಲ್ಲ ಹರಡಿತು; ಆ ವಿಮಾನಗಳ ಸಂಖ್ಯೆಯೇ ಇಪ್ಪತ್ತು ಸಾವಿರ ಮೀರಿದೆ. ಇಂಗ್ಲೆಂಡಿನ ರೋಲ್ಸ್‌ರಾಯ್ಸ್ ಕೂಡ ಪರವಾನಗಿ ಪಡೆದು ಒ-200 ತಯಾರಿಸಿತ್ತು. ಎರಡು ಎಂಜಿನ್‌ಗಳ ಸಿಲಿಂಡರ್ ಅಳತೆ ಒಂದೇ. ಹಾಗೆಂದು ಕಣ್ಣಳತೆಯಲ್ಲಿ ಕೊಂಡರೆ ಕೆಟ್ಟಿರಿ. ಸಿ90 ತನ್ನ ನಿಗದಿತ ಶಕ್ತಿಯನ್ನು ನಿಮಿಷಕ್ಕೆ 2475 ಸುತ್ತಿನಲ್ಲಿ ಕೊಡುತ್ತದೆ, ಒ-200 ಕೊಡುವುದು 2750ರಲ್ಲಿ. ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎರಡರಲ್ಲೂ ಬೇರೆ. ಆದ್ದರಿಂದ ಮೆಕ್ಯಾನಿಕ್ ಭಾಗಕ್ಕಿಂತ ಮೊದಲು ಹುಡುಕುವುದು ಪಾರ್ಟ್ ನಂಬರನ್ನು, ಆ ನಂಬರಿನ ಬದಲಿಗೆ ಆಮೇಲೆ ಬಂದ ನಂಬರನ್ನು.

ಅದರ ಬೆನ್ನಿಗೇ ಕಾಗದ, ಭಾಗ ಹಾರಾಟಕ್ಕೆ ಯೋಗ್ಯವೆನ್ನುವ ಪ್ರಮಾಣಪತ್ರ. ನಮ್ಮಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಸಿಎ ಫಾರ್ಮ್ 1, ಅಮೆರಿಕದಿಂದ ಬಂದದ್ದಾದರೆ ಅಲ್ಲಿನ ನಿಯಂತ್ರಕ ಎಫ್‌ಎಎಯ 8130-3. ಗ್ರೀಸ್ ಮೆತ್ತಿದ ಕಾಗದದಲ್ಲಿ ಸುತ್ತಿಟ್ಟ ಹೊಚ್ಚಹೊಸ ಕ್ರ್ಯಾಂಕ್‌ಶಾಫ್ಟ್ ಹಳೇ ಉಗ್ರಾಣದಲ್ಲಿ ಸಿಕ್ಕರೂ, ಪ್ರಮಾಣಪತ್ರವಿಲ್ಲದಿದ್ದರೆ ಅದು ಬರೀ ಉಕ್ಕು. ಸರ್ಕಾರಿ ಕಿರಿಕಿರಿ ಎನ್ನುವವರಿದ್ದಾರೆ, ನಾನಂತೂ ಒಪ್ಪುವುದಿಲ್ಲ. ಲೋಹ ದಣಿದದ್ದು ಮೈಕ್ರೋಮೀಟರ್‌ಗೆ ಸಿಗುವುದಿಲ್ಲ. ಅದು ಹಿಂದೆ ಎಲ್ಲಿ, ಎಷ್ಟು ಗಂಟೆ ದುಡಿಯಿತೆಂದು ಹೇಳಬಲ್ಲದ್ದು ದಾಖಲೆ ಮಾತ್ರ.

ನೆಂಟರಿಲ್ಲದ ಎಂಜಿನ್‌ನ ಪಾಡು ನೋಡಬೇಕಾದರೆ ಎಚ್‌ಎಎಲ್‌ನದ್ದೇ ಎಚ್‌ಟಿ-2 ಇದೆ. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ಈ ತರಬೇತಿ ವಿಮಾನದಲ್ಲಿದ್ದದ್ದು ಬ್ರಿಟನ್ನಿನ ಸಿರಸ್ ಮೇಜರ್. ಎಂಜಿನ್ ಸೊಗಸಾದದ್ದೇ, ಆದರೆ ಆ ವಂಶದ ತಯಾರಿಕೆ ನಿಂತು ದಶಕಗಳಾದವು. ಕೆಲವು ಎಚ್‌ಟಿ-2ಗಳಿಗೆ ಕೊನೆಗೆ ಎಂಜಿನ್ನನ್ನೇ ಬದಲಿಸಿ ಲೈಕಾಮಿಂಗ್ ಕೂರಿಸಿದರು.

ತಮಾಷೆಯೆಂದರೆ ಸಿರಸ್ ಹುಟ್ಟಿದ್ದೇ ಹಳೇ ಬಿಡಿಭಾಗಗಳಿಂದ. ಮೊದಲ ಮಹಾಯುದ್ಧ ಮುಗಿದಾಗ ರೆನೋ ವಿ8 ಎಂಜಿನ್‌ಗಳು ರಾಶಿ ರಾಶಿ ಉಳಿದಿದ್ದವು. ಎಂಜಿನ್ ವಿನ್ಯಾಸಕ ಫ್ರಾಂಕ್ ಹಾಲ್‌ಫೋರ್ಡ್ ಅದರ ಎಂಟು ಸಿಲಿಂಡರ್‌ಗಳಲ್ಲಿ ಒಂದು ಸಾಲನ್ನು ತೆಗೆದುಕೊಂಡು, ಹೊಸ ಕ್ರ್ಯಾಂಕ್‌ಕೇಸ್ ಕೊಟ್ಟು, 1925ರಲ್ಲಿ ಡಿ ಹ್ಯಾವಿಲೆಂಡ್ ಮಾತ್ ಎಂಬ ಪುಟ್ಟ ವಿಮಾನಕ್ಕೆ ಬೇಕಾದ ಅಗ್ಗದ ಎಂಜಿನ್ ಮಾಡಿದ. ರಾಶಿ ಕರಗುತ್ತ ಬಂದಾಗ ಅವನೇ ಜಿಪ್ಸಿ ಎಂಬ ಹೊಸ ಎಂಜಿನ್ ರೂಪಿಸಬೇಕಾಯಿತು. 1951ರಲ್ಲಿ ಎಚ್‌ಟಿ-2ರ ಮೊದಲ ಪ್ರಾಯೋಗಿಕ ಮಾದರಿ ಬೆಂಗಳೂರಿನಲ್ಲಿ ಹಾರಿದ್ದು ಆ ಜಿಪ್ಸಿ ಕುಲದ ಎಂಜಿನ್ನಿನ ಬಲದಿಂದ.