ಸ್ಕೀಮಾ ಬರೆದಾಯಿತು, ಇನ್ನೇನು ಭಯ?

ಎರಡು ಯಂತ್ರಗಳು ಬೈಟುಗಳಲ್ಲಿ ಮಾತಾಡಿಕೊಳ್ಳುವಾಗ ಯಾವ ಬೈಟು ಎಲ್ಲಿರಬೇಕು, ಅದರ ಅರ್ಥವೇನು, ಉದ್ದವೆಷ್ಟು ಎಂದು ಬರೆದಿಡುವುದೇ ಸ್ಕೀಮಾ. ಅದು ಬೇಕೇ ಬೇಕು. ಆದರೆ ಅದರ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳು ಅಪಾಯಕಾರಿ.

ನಂಬಿಕೆ: ಸ್ಕೀಮಾ ಸ್ಪಷ್ಟವಾಗಿದ್ದರೆ ಪ್ರೋಗ್ರಾಂ ಎಡವುವುದಿಲ್ಲ.

ಸತ್ಯ: 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವನ್ನೇ ನೋಡಿ. ಸುರಕ್ಷಿತ ಸಂಪರ್ಕದ ಪ್ರೋಟೊಕಾಲಾದ ಟಿಎಲ್‌ಎಸ್‌ನಲ್ಲಿ ಹಾರ್ಟ್‌ಬೀಟ್ ಎಂಬ ಸಂದೇಶವಿದೆ; ಅದರಲ್ಲಿ ಬಂದ ಮಾಹಿತಿಯನ್ನು ಎದುರಿನ ಯಂತ್ರ ಹಾಗೆಯೇ ಮರಳಿ ಕಳಿಸಬೇಕು. ಅದರ ರಚನೆ 2012ರ ಆರ್‌ಎಫ್‌ಸಿ 6520 ಎಂಬ ಮಾನಕ ದಾಖಲೆಯಲ್ಲಿ ಅಚ್ಚುಕಟ್ಟಾಗಿಯೇ ಇತ್ತು. ಮೊದಲ ಬೈಟು ಸಂದೇಶದ ಬಗೆ, ಮುಂದಿನ ಎರಡು ಬೈಟು ಮಾಹಿತಿಯ ಉದ್ದ, ಆಮೇಲೆ ಮಾಹಿತಿ, ಕೊನೆಗೆ ಕನಿಷ್ಠ 16 ಬೈಟು ಭರ್ತಿ. ಹೇಳಿಕೊಂಡ ಉದ್ದ ಮಿತಿಮೀರಿದ್ದರೆ ಸಂದೇಶವನ್ನು ಸದ್ದಿಲ್ಲದೆ ಬಿಸಾಡಬೇಕೆಂಬ ನಿಯಮವೂ ಅದರಲ್ಲಿತ್ತು.

ದಾಳಿಗೆ 01 40 00 ಎಂಬ ಮೂರೇ ಬೈಟಿನ ಸಂದೇಶ ಸಾಕಾಗುತ್ತಿತ್ತು. 01 ಎಂದರೆ ವಿನಂತಿ. 40 00 ಎಂದರೆ ಹೆಕ್ಸ್ ಲೆಕ್ಕದಲ್ಲಿ 16,384. ಅಷ್ಟು ಮಾಹಿತಿ ತಂದಿದ್ದೇನೆ ಎನ್ನುವ ಸಂದೇಶದಲ್ಲಿ ಒಂದು ಬೈಟು ಮಾಹಿತಿಯೂ ಇಲ್ಲ! ಟಿಎಲ್‌ಎಸ್ ಅಳವಡಿಸಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 1.0.1 ಆವೃತ್ತಿಯ ಕೋಡು ನಿಜವಾಗಿ ಬಂದದ್ದೆಷ್ಟು ಎಂದು ನೋಡದೆ, ಹೇಳಿದ ಸಂಖ್ಯೆಯನ್ನೇ ನಂಬಿ, ತನ್ನ ಮೆಮೊರಿಯಿಂದ ಅಷ್ಟನ್ನೂ ನಕಲಿಸಿ ಕಳಿಸಿಬಿಡುತ್ತಿತ್ತು. ಅಲ್ಲಿ ಪಾಸ್‌ವರ್ಡ್ ಇದ್ದರೆ ಅದೂ ಹೋಯಿತು, ಖಾಸಗಿ ಕೀಲಿ ಇದ್ದರೆ ಅದೂ ಹೋಯಿತು. ಉದ್ದದ ಫೀಲ್ಡು 16 ಬಿಟ್ಟಿನದಾದ್ದರಿಂದ ಒಂದು ಸಲಕ್ಕೆ ಸುಮಾರು 64 ಕಿಲೋಬೈಟ್‌ವರೆಗೆ ಸೋರಬಹುದಿತ್ತು. ನಿಯಮ ದಾಖಲೆಯಲ್ಲಿತ್ತು, ಕೋಡಿನಲ್ಲಿರಲಿಲ್ಲ.

ನಂಬಿಕೆ: ಎನ್‌ಕೋಡ್ ಮಾಡಿದ್ದನ್ನು ಡಿಕೋಡ್ ಮಾಡಿದಾಗ ಮೊದಲಿನದೇ ಬಂದರೆ ಎಲ್ಲ ಸರಿ.

ಸತ್ಯ: 400 ಎಂಬ ಸಂಖ್ಯೆ ನೆಟ್‌ವರ್ಕ್ ಕ್ರಮದಲ್ಲಿ, ಅಂದರೆ ದೊಡ್ಡ ಸ್ಥಾನದ ಬೈಟು ಮೊದಲು ಬರುವಂತೆ, ಹೆಕ್ಸ್‌ನಲ್ಲಿ 01 90. ನಮ್ಮ ಕೋಡು ಅದನ್ನು 90 01 ಎಂದು ತಿರುಗುಮುರುಗು ಬರೆದು, ಓದುವಾಗಲೂ ಹಾಗೆಯೇ ಓದಿದರೆ ಪರೀಕ್ಷೆ ಪಾಸು. ಎದುರಿನ ಯಂತ್ರ ಮಾತ್ರ ಅದನ್ನು 36,865 ಎಂದು ತಿಳಿಯುತ್ತದೆ. ಒಂದೇ ತಪ್ಪು ಎರಡೂ ಕಡೆ ಇದ್ದಾಗ ಈ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ದಾಖಲೆ ನೋಡಿ ಕೈಯಾರೆ ಲೆಕ್ಕ ಹಾಕಿದ ಬೈಟುಗಳನ್ನೂ, ಬೇರೆಯವರ ಯಂತ್ರ ಕಳಿಸಿದ ಬೈಟುಗಳನ್ನೂ ಇಟ್ಟುಕೊಂಡು ಹೋಲಿಸಲೇಬೇಕು.

ನಂಬಿಕೆ: ತಪ್ಪು ಸಂದೇಶದ ಪರೀಕ್ಷೆಗೆ ಮನಬಂದಂತೆ ಬೈಟು ಎಸೆದರೆ ಸಾಕು.

ಸತ್ಯ: ಅಂಥವು ಬಹುಪಾಲು ಮೊದಲ ಫೀಲ್ಡಿನಲ್ಲೇ ತಿರಸ್ಕೃತವಾಗುತ್ತವೆ, ಒಳಗಿನ ಕೋಡನ್ನು ಮುಟ್ಟುವುದೇ ಇಲ್ಲ. ಸ್ಕೀಮಾದ ನಿಜವಾದ ಉಪಯೋಗ ಇಲ್ಲಿದೆ: ಉಳಿದದ್ದೆಲ್ಲ ಸರಿಯಾಗಿಟ್ಟು ಒಂದೇ ಒಂದು ಫೀಲ್ಡನ್ನು ಬೇಕೆಂದೇ ಕೆಡಿಸಬಹುದು. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಪ್ರೋಟೋಸ್ ತಂಡ ಸಂದೇಶಗಳ ವ್ಯಾಕರಣವನ್ನೇ ಬರೆದುಕೊಂಡು ಇಂಥ ಸಂದೇಶಗಳನ್ನು ತಯಾರಿಸಿತು. 2002ರಲ್ಲಿ, ನೆಟ್‌ವರ್ಕ್ ಉಪಕರಣಗಳ ನಿರ್ವಹಣೆಗೆ ಬಳಸುವ ಎಸ್‌ಎನ್‌ಎಂಪಿ ಪ್ರೋಟೊಕಾಲಿಗಾಗಿ ಅದು ರೂಪಿಸಿದ ಪರೀಕ್ಷೆಗಳು ಹಲವಾರು ಕಂಪನಿಗಳ ಉಪಕರಣಗಳಲ್ಲಿ ದೋಷ ತೋರಿಸಿಕೊಟ್ಟವು. ಎಸ್‌ಎನ್‌ಎಂಪಿ ಸಂದೇಶಗಳ ಸ್ಕೀಮಾ ಎಎಸ್‌ಎನ್.1 ಭಾಷೆಯಲ್ಲಿ ಕರಾರುವಾಕ್ಕಾಗಿಯೇ ಇತ್ತು ಎಂಬುದನ್ನು ಮರೆಯಬಾರದು.

ನಿಮ್ಮ ಪ್ರೋಟೊಕಾಲಿನಲ್ಲಿ ಉದ್ದದ ಫೀಲ್ಡು ಇದ್ದರೆ ಸೊನ್ನೆ, ಗರಿಷ್ಠ, ನಿಜಕ್ಕಿಂತ ಒಂದು ಹೆಚ್ಚು ಎಂಬ ಮೂರು ಬೆಲೆಗಳನ್ನು ಇವತ್ತೇ ಪರೀಕ್ಷೆಗೆ ಸೇರಿಸಿ.