ದಾನಿಗೆ ಸಲ್ಲಬೇಕಾದ ವಾರ್ತೆ

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ ರಕ್ತದಾನ ಮಾಡಿದವರ ಮೊಬೈಲಿಗೆ ಎರಡು ಕಿರುಸಂದೇಶಗಳು ಬರುತ್ತವೆ. ಮೊದಲನೆಯದು ದಾನವಾದೊಡನೆ ಬರುವ ಕೃತಜ್ಞತೆಯ ಮಾತು. ಉಪಕೃತರಾದವರು ಎಲ್ಲೆಡೆಯೂ ಆಡುವ ಮಾತೇ ಅದು. ಎರಡನೆಯದಾದರೋ, ದಾನಿಯು ತನ್ನ ನಿತ್ಯವ್ಯವಹಾರಗಳಲ್ಲಿ ಮಗ್ನನಾಗಿ ಆ ಸಂಗತಿಯನ್ನೇ ಮರೆತಿರಬಹುದಾದ ಹೊತ್ತಿನಲ್ಲಿ, ಆತನಿತ್ತ ರಕ್ತವು ಆಸ್ಪತ್ರೆಯಲ್ಲಿ ರೋಗಿಯೊಬ್ಬರಿಗೆ ಸಂದಿತೆಂಬ ಸುದ್ದಿಯನ್ನು ಹೊತ್ತು ತರುತ್ತದೆ. 2012ರಲ್ಲಿ ಅಲ್ಲಿ ಆರಂಭವಾದ ಈ ಪದ್ಧತಿಯಂತೆಯೇ, ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯೂ ದಾನಿಗಳಿಗೆ ಅವರ ರಕ್ತವು ಯಾವ ಆಸ್ಪತ್ರೆಯನ್ನು ಸೇರಿತೆಂಬುದನ್ನು ತಿಳಿಸುತ್ತದೆ.

ಅನ್ನವನ್ನಿತ್ತವನು ಉಂಡವನ ಮುಖದ ತೃಪ್ತಿಯನ್ನು ಕಾಣಬಲ್ಲನು. ಶಾಲೆಗೆ ಕೊಠಡಿಯನ್ನು ಕಟ್ಟಿಸಿಕೊಟ್ಟವನು ಅಲ್ಲಿ ಮಕ್ಕಳು ಕುಳಿತು ಓದುವುದನ್ನು ನೋಡಬಲ್ಲನು. ರಕ್ತದಾನಿಗೆ ಆ ಭಾಗ್ಯವಿಲ್ಲ. ಅಪರಿಚಿತನೊಬ್ಬ ಅಪರಿಚಿತನಿಗೆ ಕೊಡುವ ಈ ದಾನವನ್ನೇ ಆಧಾರವಾಗಿಟ್ಟುಕೊಂಡು ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ರಿಚರ್ಡ್ ಟಿಟ್ಮಸ್ 1970ರಲ್ಲಿ ಒಂದು ಗ್ರಂಥವನ್ನೇ ರಚಿಸಿದನು. ನಮ್ಮ ರಕ್ತದಾನ ಶಿಬಿರಗಳಲ್ಲಿ ದಾನಿಗೆ ಬಿಸ್ಕತ್ತು, ಹಣ್ಣಿನ ರಸ, ಪ್ರಮಾಣಪತ್ರಗಳು ಆದರದಿಂದಲೇ ದೊರೆಯುತ್ತವೆ. ಆದರೆ ಸಾಮಾನ್ಯವಾಗಿ ಅಲ್ಲಿಗೆ ಸಂಬಂಧವು ಮುಗಿಯುತ್ತದೆ. ಪ್ರಮಾಣಪತ್ರವು ಆತನು ಕೊಟ್ಟನೆಂಬುದನ್ನು ಹೇಳುತ್ತದೆಯೇ ಹೊರತು, ಕೊಟ್ಟದ್ದು ಏನಾಯಿತೆಂಬುದನ್ನು ಹೇಳದು.

ಹೇಳಲು ಸಾಧನವಿಲ್ಲವೆಂದಲ್ಲ. ಪ್ರತಿಯೊಂದು ರಕ್ತದ ಚೀಲಕ್ಕೂ ಒಂದು ಸಂಖ್ಯೆಯುಂಟು. ಎಚ್‌ಐವಿ, ಹೆಪಟೈಟಿಸ್ ಮೊದಲಾದ ಸೋಂಕುಗಳ ಪರೀಕ್ಷೆಯನ್ನು ದಾಟಿದ ರಕ್ತವು ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಟ್ಟರೂ ಆ ಸಂಖ್ಯೆ ಕೈಬಿಡದು. ಕೆಂಪುಕಣಗಳನ್ನು ಸುಮಾರು 42 ದಿನಗಳವರೆಗೆ ಕಾಪಿಡಬಹುದು. ಪ್ಲೇಟ್‌ಲೆಟ್‌ಗಳಾದರೋ ಸಾಮಾನ್ಯವಾಗಿ 5 ದಿನ ಮಾತ್ರ ಉಳಿಯುವುವು. ಹೆಪ್ಪುಗಟ್ಟಿಸಿದ ಪ್ಲಾಸ್ಮಾ ವರುಷದವರೆಗೂ ಬಾಳುವುದು. ಯಾವ ಚೀಲ ಎಂದು ಎಲ್ಲಿಗೆ ಹೋಯಿತೆಂಬುದನ್ನು ರೋಗಿಯ ರಕ್ಷಣೆಗಾಗಿಯೇ ದಾಖಲಿಸಿಡುವುದರಿಂದ, ದಾನಿಗೆ ವಾರ್ತೆ ಮುಟ್ಟಿಸಲು ಆ ದಾಖಲೆಯಿಂದ ಒಂದು ಸಾಲನ್ನು ಎತ್ತಿಕೊಟ್ಟರೆ ಸಾಕು.

ಈ ವಾರ್ತೆಯಲ್ಲಿ ನಾನು ಬಹುವಾಗಿ ಮೆಚ್ಚುವ ಗುಣಗಳು ಎರಡು: ಸತ್ಯ ಮತ್ತು ಸಂಯಮ. ಒಂದು ಚೀಲ ರಕ್ತದಿಂದ ಮೂರು ಜೀವಗಳು ಉಳಿಯುವುವೆಂದು ಗೋಡೆಗಳ ಮೇಲೆ ಬರೆಯುವುದುಂಟು. ಮೂವರಿಗೆ ಉಪಯೋಗವಾಗಬಹುದೆಂಬುದು ನಿಜವಾದರೂ, ಮೂವರೂ ಬದುಕಿದರೆಂದು ಯಾರು ಹೇಳಬಲ್ಲರು? ನಿನ್ನ ರಕ್ತವು ಸಂದಿತು ಎಂಬಷ್ಟನ್ನೇ ನುಡಿಯುವ ಸಂದೇಶವು ತನಗೆ ತಿಳಿದುದಕ್ಕಿಂತ ಒಂದಕ್ಷರವನ್ನೂ ಹೆಚ್ಚಾಗಿ ಹೇಳದು. ಆದುದರಿಂದಲೇ ಅದು ನಂಬಿಕೆಗೆ ಅರ್ಹ. ಅದಲ್ಲದೆ, ಪಡೆದವರ ಹೆಸರನ್ನಾಗಲಿ ಮುಖವನ್ನಾಗಲಿ ಅದು ಬಯಲಿಗೆಳೆಯದು. ನೆರೆಸಂತ್ರಸ್ತರಿಗೆ ಕಂಬಳಿ ಹಂಚುವಾಗ, ಬಡ ಮಕ್ಕಳಿಗೆ ಪುಸ್ತಕ ಕೊಡುವಾಗ ಅವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ, ಆ ಚಿತ್ರವನ್ನೇ ದಾನದ ಫಲವೆಂದು ದಾನಿಗಳಿಗೆ ತೋರಿಸುವ ಸಂಸ್ಥೆಗಳು, ಕಷ್ಟದಲ್ಲಿರುವವರ ಮಾನವನ್ನು ಕೊಟ್ಟವರ ಸಂತೋಷಕ್ಕೆ ಬೆಲೆಯಾಗಿ ತೆರುತ್ತಿರುವುವೆಂಬುದನ್ನು ಮರೆಯಬಾರದು.

ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿತ್ತ ತೀರ್ಪಿನ ಫಲವಾಗಿ, ದುಡ್ಡಿಗೆ ರಕ್ತವನ್ನು ಮಾರುವ ಪದ್ಧತಿಯು 1998ರ ಜನವರಿ 1ರಿಂದ ನಿಷಿದ್ಧವಾಯಿತು. ಅಂದಿನಿಂದ ನಮ್ಮ ರಕ್ತನಿಧಿಗಳು ನಿಂತಿರುವುದು ಬಂಧುಗಳ ಮತ್ತು ಸ್ವಯಂಪ್ರೇರಿತ ದಾನಿಗಳ ಔದಾರ್ಯದ ಮೇಲೆ. ಪುರುಷರು 90 ದಿನಗಳಿಗೊಮ್ಮೆ, ಮಹಿಳೆಯರು 120 ದಿನಗಳಿಗೊಮ್ಮೆ ಮರಳಿ ಬರಬಹುದು. ಬರಬೇಕೆಂಬ ನಿರ್ಬಂಧವಂತೂ ಯಾರಿಗೂ ಇಲ್ಲ. ಹಣದ ಆಸೆಯಿಲ್ಲದೆ ಬರುವವರನ್ನು ಕರೆಯಬಲ್ಲ ಶಕ್ತಿಯಿರುವುದು ವಿಶ್ವಾಸಕ್ಕೊಂದೇ. ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ಒಪ್ಪಿಸುವ ಸಂಸ್ಥೆಯು ರಕ್ತದ ಲೆಕ್ಕವನ್ನೂ ಕೊಟ್ಟವರಿಗೆ ಒಪ್ಪಿಸುವುದು ಉಪಚಾರವಲ್ಲ, ಕರ್ತವ್ಯ. ಬಳಕೆಯಾಗದೆ ಅವಧಿ ಮೀರಿದ ಚೀಲದ ವಿಷಯವನ್ನೂ ಅದು ಮರೆಮಾಚದೆ ತಿಳಿಸಲಿ. ನಿಜವನ್ನು ಕೇಳಬಲ್ಲಷ್ಟು ಪ್ರೌಢತೆಯು ತೋಳನ್ನು ಚಾಚಿ ಕೊಟ್ಟವರಿಗೆ ಇದ್ದೇ ಇರುತ್ತದೆ.