ಗಿರಣಿ, ಮಂಡಿಗಳಿಗೆ ಪ್ರತ್ಯೇಕ ಡಿಜಿಟಲ್ ಟೆಲಿಫೋನು ಮಾರ್ಗ

ಅಕ್ಕಿಯ ಗಿರಣಿ, ಕೊಬ್ಬರಿಯ ಮಂಡಿ, ಶೀತಲಗೃಹ, ಸಹಕಾರ ಸಂಘ ಮೊದಲಾದವುಗಳನ್ನು ನಡೆಸತಕ್ಕ ಜಮೀನುದಾರರಿಗೆ ಟೆಲಿಫೋನು ತಕ್ಕಡಿಯಷ್ಟೇ ಆವಶ್ಯಕವಾದ ಉಪಕರಣವಾಗಿದೆ. 2014ರಲ್ಲಿ ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯೂ, 2016ರಲ್ಲಿ ದೇಶಕ್ಕೆಲ್ಲ ಇ-ನಾಮ್ ವ್ಯವಸ್ಥೆಯೂ ಪ್ರಾರಂಭವಾದವು. ಇವುಗಳಲ್ಲಿ ಖರೀದಿದಾರನು ಗೊತ್ತಾದ ವೇಳೆಯೊಳಗೆ ತನ್ನ ಧಾರಣೆಯನ್ನು ತಿಳಿಸತಕ್ಕದ್ದು. ಆ ವೇಳೆಯಲ್ಲಿ ಸಂಪರ್ಕವು ಕಡಿದುಹೋದರೆ ಹರಾಜಿನ ಪೈಪೋಟಿಯು ತಗ್ಗಿ, ಮಾಲನ್ನು ತಂದ ರೈತನಿಗೂ ನಷ್ಟವುಂಟಾಗಬಹುದು. ಆದಕಾರಣ ಮಾರ್ಗವನ್ನು ಆರಿಸುವುದರಲ್ಲಿ ಬಾಡಿಗೆಯ ಮೊತ್ತವೊಂದನ್ನೇ ನೋಡುವುದು ಸಾಲದು.

ಎರಡು ವಿಧಗಳು.— ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕವು ಕೆರೆಯ ಕಾಲುವೆಯಂತೆ ಹಲವರಿಗೆ ಸೇರಿದ್ದು. ಎಲ್ಲರೂ ಒಮ್ಮೆಗೇ ನೀರು ತಿರುಗಿಸಿದರೆ ಕೊನೆಯ ಗದ್ದೆಗೆ ಸಾಲದಾಗುತ್ತದೆ. ಲೀಸ್ಡ್ ಲೈನ್ ಎಂಬ ಪ್ರತ್ಯೇಕ ಮಾರ್ಗವಾದರೋ ಒಬ್ಬನ ಹೊಲಕ್ಕೇ ಇಟ್ಟ ತೂಬಿನಂತೆ. ಕರಾರಿನ ಪ್ರಮಾಣವು ಹೋಗುವುದಕ್ಕೂ ಬರುವುದಕ್ಕೂ ಸಮನಾಗಿ ದೊರೆಯುತ್ತದೆ. ಇದರ ಬಾಡಿಗೆಯು ಬಹಳ ಹೆಚ್ಚು. ಏಕಕಾಲಕ್ಕೆ 30 ಮಾತುಕತೆಗಳನ್ನು ಸಾಗಿಸುವ ಐ.ಎಸ್.ಡಿ.ಎನ್. ಮಾರ್ಗವು ಹಳೆಯ ಮಾದರಿಯದು. ಬ್ರಿಟನ್ನಿನಲ್ಲಿ 2023ರಿಂದ ಅದರ ಹೊಸ ಸಂಪರ್ಕಗಳ ಮಾರಾಟವನ್ನು ನಿಲ್ಲಿಸಿದ್ದಾರೆ. ಹೊಸದಾಗಿ ಯಂತ್ರವನ್ನು ಕೊಳ್ಳುವವರು ಇಂಟರ್‌ನೆಟ್ ಕ್ರಮದಲ್ಲಿ ನಡೆಯುವಂಥದನ್ನೇ ಕೊಳ್ಳುವುದು ಮೇಲು.

ಪ್ರಮಾಣದ ಲೆಕ್ಕ.— ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು 1917ರಲ್ಲಿ ಪ್ರಕಟಿಸಿದ ಸೂತ್ರವು ಈ ವಿಷಯದಲ್ಲಿ ಇಂದಿಗೂ ಉಪಯೋಗದಲ್ಲಿದೆ. ಹೆಚ್ಚು ಗಡಿಬಿಡಿಯ ಒಂದು ಗಂಟೆಯಲ್ಲಿ 100 ಕರೆಗಳು ಬರುವುವೆಂದೂ, ಪ್ರತಿಯೊಂದೂ 3 ನಿಮಿಷ ನಡೆಯುವುದೆಂದೂ ಇಟ್ಟುಕೊಂಡರೆ, ಒಟ್ಟು 300 ನಿಮಿಷಗಳು, ಎಂದರೆ ಸರಾಸರಿ 5 ಮಾತುಕತೆಗಳು ಏಕಕಾಲದಲ್ಲಿ ನಡೆದಂತಾಯಿತು. ಇದನ್ನು ಕಂಡು 5 ದಾರಿಗಳೇ ಸಾಕೆಂದು ಭಾವಿಸುವುದು ತಪ್ಪು. ಕರೆಗಳು ಸರದಿಯಿಂದ ಬರುವುದಿಲ್ಲ. 5 ದಾರಿಗಳಿದ್ದ ಪಕ್ಷದಲ್ಲಿ ನೂರಕ್ಕೆ ಸುಮಾರು 28 ಕರೆಗಳು ಹಿಂದಿರುಗುವುವು. 11 ದಾರಿಗಳಿದ್ದರೆ ನೂರಕ್ಕೆ ಒಂದೂ ಪೂರ್ಣವಾಗಿ ಹಿಂದಿರುಗದು. ಒಂದು ಮಾತುಕತೆಗೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಬೇಕಾಗುವುದರಿಂದ, 11ಕ್ಕೂ ಒಂದು ಮೆಗಾಬಿಟ್ ಸಾಕು. ಹರಾಜು, ಲೆಕ್ಕಪತ್ರ ಮೊದಲಾದವುಗಳಿಗೆ ಇನ್ನಷ್ಟು ಸೇರಿಸಿಕೊಂಡರೂ, ಮಾರುವವರು ಹೊಗಳುವ ನೂರಾರು ಮೆಗಾಬಿಟ್‌ಗಳು ಅನೇಕ ಮಂಡಿಗಳಿಗೆ ಅನಾವಶ್ಯಕ. ಹಣವನ್ನು ಕೊಡಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಕಡಿಯದಿರುವಿಕೆಗೆ.

ಕರಾರು.— ನೂರಕ್ಕೆ 99 ಪಾಲು ಕಾಲ ಮಾರ್ಗವು ನಡೆಯುವುದೆಂಬ ಮಾತು ಕೇಳುವುದಕ್ಕೆ ಚೆನ್ನಾಗಿದೆ. ಆದರೆ 30 ದಿನಗಳ 720 ಗಂಟೆಗಳಲ್ಲಿ 7 ಗಂಟೆ 12 ನಿಮಿಷ ನಿಂತರೂ ಆ ಕರಾರು ಮುರಿದಂತಾಗುವುದಿಲ್ಲ. 99.9 ಎಂದಿದ್ದರೆ ಅದು ಸುಮಾರು 43 ನಿಮಿಷಕ್ಕೆ ಇಳಿಯುವುದು. ಕೆಟ್ಟ ಮಾರ್ಗವನ್ನು ಎಷ್ಟು ಗಂಟೆಗಳೊಳಗೆ ಸರಿಪಡಿಸತಕ್ಕದ್ದೆಂಬುದನ್ನೂ ಬರೆಯಿಸಿಕೊಳ್ಳಬೇಕು. ತಪ್ಪಿದಲ್ಲಿ ಕಂಪೆನಿಯು ಬಾಡಿಗೆಯಲ್ಲಿ ಸ್ವಲ್ಪ ಭಾಗವನ್ನು ವಜಾ ಕೊಡಬಹುದು. ಕೈತಪ್ಪಿದ ವ್ಯಾಪಾರವನ್ನು ಮಾತ್ರ ಯಾರೂ ತಂದುಕೊಡಲಾರರು.

ಎಚ್ಚರಿಕೆಗಳು.— ಹಿಂದಿನ ತಾಮ್ರದ ತಂತಿಯ ಟೆಲಿಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿದ್ದಿತು. ಗಾಜಿನ ಎಳೆಯು ಬೆಳಕನ್ನು ಮಾತ್ರ ಒಯ್ಯುವುದರಿಂದ, ದೀಪ ಹೋದೊಡನೆ ಟೆಲಿಫೋನೂ ನಿಲ್ಲುವುದು. ತಕ್ಕ ಬ್ಯಾಟರಿಯನ್ನು ಇಟ್ಟುಕೊಳ್ಳತಕ್ಕದ್ದು. ಎರಡು ಕಂಪೆನಿಗಳಿಂದ ಮಾರ್ಗಗಳನ್ನು ಪಡೆದರೂ, ಎರಡೂ ಒಂದೇ ರಸ್ತೆಯ ಪಕ್ಕದಲ್ಲಿ ಬಂದಿದ್ದರೆ ಒಂದೇ ಅಗೆತಕ್ಕೆ ಎರಡೂ ಕಡಿಯುವುವು. ಬೇರೆ ದಿಕ್ಕಿನಿಂದ ಬರುವ ಎಳೆಯಾಗಲಿ, ಮೊಬೈಲ್ ಸಂಪರ್ಕವಾಗಲಿ ಆಪತ್ಕಾಲಕ್ಕಿರುವುದು ಕ್ಷೇಮ. ಗ್ರಾಮದ ಮುಖಂಡರು ಚರಂಡಿ, ನೀರಿನ ಕೊಳವೆ ಮುಂತಾದವುಗಳಿಗೆ ಅಗೆಯಿಸುವ ಮೊದಲು ಕಂಪೆನಿಗೆ ತಿಳಿಸಿ ಎಳೆಯ ಗುರುತನ್ನು ಹಾಕಿಸಿದರೆ ಊರಿಗೇ ಉಪಕಾರವಾಗುವುದು.

ಆದುದರಿಂದ ಅರ್ಜಿ ಹಾಕುವ ಮೊದಲು ಒಂದು ವಾರದ ಕರೆಗಳನ್ನು ಗಂಟೆಗಂಟೆಗೂ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಒಂದು ಗಂಟೆ ಮಾರ್ಗವು ನಿಂತರೆ ಆಗುವ ನಷ್ಟವನ್ನೂ ಅಂದಾಜು ಮಾಡತಕ್ಕದ್ದು. ಆ ನಷ್ಟವು ಅಲ್ಪವಾಗಿದ್ದರೆ ಸಾಮಾನ್ಯ ಸಂಪರ್ಕವೂ ಒಂದು ಮೊಬೈಲೂ ಸಾಕು. ಅಧಿಕವಾಗಿದ್ದರೆ ಪ್ರತ್ಯೇಕ ಮಾರ್ಗದ ಬಾಡಿಗೆಯು ದುಂದುವೆಚ್ಚವೆನಿಸುವುದಿಲ್ಲ.